ಬಿಪಿ ಮಾತ್ರೆಯ ಡೋಸ್ ಏರಿಸುವ ಮೊದಲು ಎರಡು ಪ್ರಶ್ನೆ

ಅರಸೀಕೆರೆಯಲ್ಲಿ ನನ್ನದೊಂದು ಔಷಧಿ ಅಂಗಡಿ. ಬೆಳಿಗ್ಗೆ ಬಾಗಿಲು ತೆಗೆದಾಗಿನಿಂದ ರಾತ್ರಿ ಮುಚ್ಚುವವರೆಗೆ ಹೆಚ್ಚು ಖರ್ಚಾಗುವುದು ಮೂರೇ ಬಗೆಯ ಮಾತ್ರೆ: ಶುಗರ್‌ದು, ಬಿಪಿದು, ಮೈಕೈ ನೋವಿನದು. ಬಿಪಿ ಚೀಟಿಗಳು ಬೆಳೆಯುವ ರೀತಿ ನನಗೆ ಬಾಯಿಪಾಠ. ಮೊದಲು ಆಮ್ಲೋಡಿಪಿನ್ 5. ಆಮೇಲೆ ಜೊತೆಗೆ ಟೆಲ್ಮಿಸಾರ್ಟನ್ 40. ವರ್ಷ ಕಳೆಯುವುದರೊಳಗೆ 40 ಹೋಗಿ 80 ಆಗುತ್ತದೆ, ಹೆಸರಿನ ಕೊನೆಗೆ ‘ಎಚ್’ ಎಂಬ ಅಕ್ಷರವೂ ಅಂಟಿಕೊಳ್ಳುತ್ತದೆ. ಯಾಕೆ ಏರಿತು ಎಂದು ಕೇಳಿದರೆ ಉತ್ತರ ಸಿದ್ಧ: “ಟೆನ್ಶನ್ ಸ್ವಾಮಿ, ಮಗಳ ಮದುವೆ.” ಬಿಪಿಗೆ ತಲೆಬಿಸಿಯನ್ನು ದೂರುತ್ತೇವೆ, ಹೃದಯವನ್ನು ದೂರುತ್ತೇವೆ. ಮೂತ್ರಪಿಂಡದ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಆದರೆ ಬಿಪಿಯನ್ನು ದೀರ್ಘಕಾಲ ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸುವುದರಲ್ಲಿ ದೊಡ್ಡ ಪಾತ್ರ ಅದರದೇ. ನಮ್ಮ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ಕರಗಿರುವ ಉಪ್ಪು ಹತ್ತಿರ ಹತ್ತಿರ ಒಂದೂವರೆ ಕೆಜಿ. ಅಷ್ಟೂ ಹೊರಗೆ ಹೋದರೆ ಮನುಷ್ಯ ಉಳಿಯುವುದಿಲ್ಲ. ಹಾಗಾಗಿ ಸೋಸಿದ್ದರಲ್ಲಿ ನೂರಕ್ಕೆ 99 ಪಾಲಿಗಿಂತ ಹೆಚ್ಚನ್ನು ಮೂತ್ರಪಿಂಡ ವಾಪಸ್ ಎಳೆದುಕೊಂಡು ರಕ್ತಕ್ಕೆ ಸೇರಿಸುತ್ತದೆ. ಮೂತ್ರದಲ್ಲಿ ಹೋಗುವುದು ಸರಿಸುಮಾರು ನಾವು ತಿಂದಷ್ಟು ಉಪ್ಪು, ಕೆಲವೇ ಗ್ರಾಂ. ಒಂದೂವರೆ ಕೆಜಿ ವಹಿವಾಟಿನಲ್ಲಿ ಆ ಕೆಲವು ಗ್ರಾಂ ಲೆಕ್ಕ ತಪ್ಪಿದರೆ ಸಾಕು, ಉಪ್ಪು ಮೈಯಲ್ಲಿ ಉಳಿಯುತ್ತದೆ. ಅದರ ಹಿಂದೆಯೇ ನೀರು ನಿಲ್ಲುತ್ತದೆ, ರಕ್ತನಾಳಗಳಲ್ಲಿ ಒತ್ತಡ ಏರುತ್ತದೆ.

ಒತ್ತಡ ಏರಿದಾಗ ಆರೋಗ್ಯವಂತ ಮೂತ್ರಪಿಂಡ ಹೆಚ್ಚು ಉಪ್ಪನ್ನು ಹೊರಹಾಕಿ ಅದನ್ನು ಮತ್ತೆ ಇಳಿಸುತ್ತದೆ. ಈ ನಂಟನ್ನು ಹಿಡಿದು ದಶಕಗಟ್ಟಲೆ ಕೆಲಸ ಮಾಡಿದವರು ಅಮೆರಿಕದ ಮಿಸಿಸಿಪಿಯ ಆರ್ಥರ್ ಗೈಟನ್. ಮೂತ್ರಪಿಂಡದ ಶಕ್ತಿ ಕುಂದಿದರೆ, ಅಷ್ಟೇ ಉಪ್ಪನ್ನು ಹೊರಹಾಕಲು ಅದಕ್ಕೆ ಹೆಚ್ಚಿನ ಒತ್ತಡ ಬೇಕಾಗುತ್ತದೆ ಎಂಬುದು ಅವರ ವಾದದ ತಿರುಳು. ಅಂದರೆ 120ರಲ್ಲಿ ಆಗುತ್ತಿದ್ದ ಕೆಲಸಕ್ಕೆ ಈಗ 150 ಬೇಕು. ಏರಿದ ಬಿಪಿ ಎಂದರೆ ಉಪ್ಪು ಹೊರಹಾಕುವುದಕ್ಕೆ ದೇಹ ಕಟ್ಟುತ್ತಿರುವ ದಂಡ. 1983ರಲ್ಲಿ ಪ್ರಕಟವಾದ ಒಂದು ವರದಿ ಇದಕ್ಕೆ ಬಲ ಕೊಡುತ್ತದೆ. ಬಿಪಿಯಿಂದಲೇ ಮೂತ್ರಪಿಂಡ ಕಳೆದುಕೊಂಡಿದ್ದ ಆರು ಮಂದಿಗೆ, ಬಿಪಿ ಇಲ್ಲದವರ ಮೂತ್ರಪಿಂಡ ಕಸಿ ಮಾಡಲಾಗಿತ್ತು. ಅವರ ಬಿಪಿ ಸಹಜ ಮಟ್ಟಕ್ಕೆ ಇಳಿದು ವರ್ಷಗಳ ಕಾಲ ಹಾಗೆಯೇ ನಿಂತಿತು.

ನಾನು ಮಾರುವ ಮಾತ್ರೆಗಳಲ್ಲಿ ಎಷ್ಟೋ ಕೆಲಸ ಮಾಡುವುದು ಇದೇ ಜಾಗದಲ್ಲಿ. ಚೀಟಿಯಲ್ಲಿನ ಆ ‘ಎಚ್’ ಹೈಡ್ರೋಕ್ಲೋರೋಥಯಾಜೈಡ್. ಮೂತ್ರಪಿಂಡ ಉಪ್ಪನ್ನು ವಾಪಸ್ ಎಳೆಯುವುದನ್ನು ಅದು ತಡೆಯುತ್ತದೆ. ಟೆಲ್ಮಿಸಾರ್ಟನ್, ಉಪ್ಪು ಹಿಡಿದಿಡು ಎಂದು ಹಾರ್ಮೋನು ಕೊಡುವ ಅಪ್ಪಣೆಗೆ ಅಡ್ಡ ನಿಲ್ಲುತ್ತದೆ. ಬೆಳಿಗ್ಗೆ ಈ ಮಾತ್ರೆ ನುಂಗಿ, ಮಧ್ಯಾಹ್ನ ಉಪ್ಪಿನಕಾಯಿ, ಹಪ್ಪಳ, ಮೇಲೆ ಉಪ್ಪು ಹಾಕಿದ ಮಜ್ಜಿಗೆ ಎಂದರೆ, ತೂತು ಬಿದ್ದ ಕೊಡಕ್ಕೆ ನೀರು ಸೇದಿದ ಹಾಗೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಎಂದರೆ ಒಂದು ಟೀ ಚಮಚದಷ್ಟು. 2017-18ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಾವು ತಿನ್ನುವುದು ಸರಾಸರಿ 8 ಗ್ರಾಂ.

“ನಾವು ಸೈಂಧವ ಲವಣ ಬಳಸ್ತೀವಿ” ಎಂದು ಹೆಮ್ಮೆಯಿಂದ ಹೇಳುವವರೂ ಬರುತ್ತಾರೆ. ಬಣ್ಣ ಗುಲಾಬಿ, ಬೆಲೆ ದುಬಾರಿ, ಒಳಗಿರುವುದು ಬಹುಪಾಲು ಅದೇ ಸೋಡಿಯಂ ಕ್ಲೋರೈಡ್. ಪೊಟ್ಯಾಷಿಯಂ ಬೆರೆಸಿದ ‘ಲೋ ಸೋಡಿಯಂ’ ಉಪ್ಪಿನ ಮಾತು ಬೇರೆ. ಚೀನಾದ 600 ಹಳ್ಳಿಗಳಲ್ಲಿ ಅದನ್ನು ಪರೀಕ್ಷಿಸಿದಾಗ ಲಕ್ವ ಹೊಡೆಯುವ ಪ್ರಮಾಣ ಶೇ 14ರಷ್ಟು ಇಳಿಯಿತು. ಫಲಿತಾಂಶ ಬಂದದ್ದು 2021ರಲ್ಲಿ. ಆದರೆ ಮೂತ್ರಪಿಂಡ ದುರ್ಬಲವಾದವರು, ಟೆಲ್ಮಿಸಾರ್ಟನ್‌ನಂಥ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ರಕ್ತದಲ್ಲಿ ಪೊಟ್ಯಾಷಿಯಂ ಏರಿದರೆ ಹೃದಯಕ್ಕೇ ಅಪಾಯ.

ಉಪ್ಪಿನ ಬಗ್ಗೆಯಾದರೂ ಜನ ಅಷ್ಟಿಷ್ಟು ಕೇಳಿರುತ್ತಾರೆ. ನೋವಿನ ಮಾತ್ರೆಯ ಬಗ್ಗೆ ಅದೂ ಇಲ್ಲ. ನಮ್ಮದು ತೆಂಗಿನ ಸೀಮೆ. ಕಾಯಿ ಸುಲಿಯುವವರ ಸೊಂಟ, ತೋಟ ಸುತ್ತುವ ಹೆಂಗಸರ ಮಂಡಿ, ಲೋಡು ಹೊರುವವರ ಭುಜ, ಎಲ್ಲಕ್ಕೂ ಡೈಕ್ಲೋಫೆನಾಕ್ ಬೇಕು. ಮೂತ್ರಪಿಂಡದ ರಕ್ತನಾಳಗಳನ್ನು ಅಗಲವಾಗಿ ಇಟ್ಟು, ಉಪ್ಪು ಹೊರಹೋಗಲು ನೆರವಾಗುವ ಪ್ರೊಸ್ಟಗ್ಲಾಂಡಿನ್‌ಗಳನ್ನು ಈ ಮಾತ್ರೆ ಕಟ್ಟಿಹಾಕುತ್ತದೆ. ಉಪ್ಪು ನಿಲ್ಲುತ್ತದೆ, ಕೆಲವರ ಪಾದ ಊದುತ್ತದೆ, ಬಿಪಿ ಮಾತ್ರೆ ಸಪ್ಪೆಯಾಗುತ್ತದೆ. ಟೆಲ್ಮಿಸಾರ್ಟನ್, ಆ ‘ಎಚ್’ನಂಥ ನೀರಿನ ಮಾತ್ರೆ, ನೋವಿನ ಮಾತ್ರೆ ಮೂರೂ ಒಟ್ಟಿಗೆ ಸೇರಿ, ಮೇಲೆ ವಾಂತಿ ಭೇದಿಯಾದರೆ ಮೂತ್ರಪಿಂಡವೇ ಕೈಕೊಡಬಹುದು. ಐಬುಪ್ರೊಫೆನ್, ಅಸೆಕ್ಲೊಫೆನಾಕ್ ಕೂಡ ಇದೇ ಕುಲದವು.

ಈಗ ಆ ಚೀಟಿಯನ್ನು ಮತ್ತೆ ನೋಡಿ. ರೋಗಿ ನೋವಿನ ಮಾತ್ರೆಯನ್ನು ವೈದ್ಯರಿಗೆ ಹೇಳಿರುವುದಿಲ್ಲ. “ಅದು ಮಾತ್ರೆ ಅಲ್ಲ ಬಿಡಿ, ಸುಮ್ನೆ ನೋವಿಗೆ” ಎನ್ನುತ್ತಾರೆ. ಹೊರರೋಗಿಗಳ ಸಾಲಿನಲ್ಲಿ ಒಬ್ಬೊಬ್ಬರಿಗೆ ಎರಡು ನಿಮಿಷ ಸಿಗುವ ವೈದ್ಯರು 160 ಅಂಕಿ ನೋಡಿ 40ನ್ನು 80 ಮಾಡುತ್ತಾರೆ. ಅಂಗಡಿಯವನು ಎರಡನ್ನೂ ಒಂದೇ ಕವರಿಗೆ ಹಾಕಿ ಕೊಡುತ್ತಾನೆ. ಡೈಕ್ಲೋಫೆನಾಕ್ ಶೆಡ್ಯೂಲ್ ಎಚ್ ಪಟ್ಟಿಯಲ್ಲಿದೆ, ಚೀಟಿ ಇಲ್ಲದೆ ಕೊಡುವಂತಿಲ್ಲ ಎಂಬುದು ನಮ್ಮ ಕಸುಬಿನವರೆಲ್ಲರಿಗೂ ಗೊತ್ತು. ಎದುರಿನ ಅಂಗಡಿಯಲ್ಲಿ ಕೊಡುತ್ತಾರಲ್ಲ ಎಂಬುದು ಕಾನೂನು ಮುರಿಯಲು ಕಾರಣವಾಗಬಾರದು.

ಹಾಗಾಗಿ ನನ್ನ ಒತ್ತಾಯ ಇಷ್ಟೇ. ಬಿಪಿ ಮಾತ್ರೆಯ ಡೋಸ್ ಏರಿಸುವ ಮೊದಲು ವೈದ್ಯರು ಎರಡು ಪ್ರಶ್ನೆ ಕೇಳಲಿ: ಉಪ್ಪು ಎಷ್ಟು? ನೋವಿನ ಮಾತ್ರೆ ಯಾವುದು? ಅವರಿಗೆ ಪುರುಸೊತ್ತಿಲ್ಲದಿದ್ದರೆ ನಾವು ಅಂಗಡಿಯವರು ಕೇಳಿ ರೋಗಿಯನ್ನು ವಾಪಸ್ ಕಳಿಸೋಣ. ಪೊಟ್ಟಣದ ಆಹಾರದಲ್ಲಿ ಸೋಡಿಯಂ ಎಷ್ಟೆಂದು ಹಿಂಬದಿಯಲ್ಲಿ ಇರುವೆ ಸಾಲಿನಂತೆ ಮುದ್ರಿಸುವುದನ್ನು ಬಿಟ್ಟು, ಉಪ್ಪು ಇಷ್ಟು ಗ್ರಾಂ ಎಂದು ಮುಂಬದಿಯಲ್ಲಿ ಕನ್ನಡದಲ್ಲಿ ಹಾಕುವಂತೆ ಸರ್ಕಾರ ಮಾಡಲಿ. ಅಲ್ಲಿಯವರೆಗೆ ಓದುಗರು ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿ ನೋಡಿಕೊಳ್ಳಿ, ಉಪ್ಪಿನ ಲೆಕ್ಕ ಸಿಗುತ್ತದೆ.

ನಿಮಗೆ ಬಿಪಿ ಇದ್ದರೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ವರ್ಷಕ್ಕೊಮ್ಮೆ ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆ ಮಾಡಿಸಿ. ಮುಂದಿನ ಸಲ ವೈದ್ಯರ ಹತ್ತಿರ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ನೋವಿನದನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ.