ಸರ್ಕಾರಕ್ಕೆ ಮುಚ್ಚಿಟ್ಟ ಹಣ, ಸಹೋದರಿಗೂ ಮುಚ್ಚಿಟ್ಟ ಹಣ

ಮನೆಯ ಯಜಮಾನನ ದಫನ್ ಮುಗಿದು ನೆಂಟರು ತಮ್ಮ ಊರುಗಳಿಗೆ ಮರಳುತ್ತಾರೆ. ಆ ಬಳಿಕ ಕಪಾಟಿನ ಬೀಗ ತೆಗೆಯಲಾಗುತ್ತದೆ. ಒಳಗೆ ನೋಟುಗಳ ಕಟ್ಟು, ಬಂಗಾರ, ಯಾರಿಗೋ ಕೊಟ್ಟ ಕೈಸಾಲದ ಚೀಟಿಗಳು ಇರುತ್ತವೆ. ಆಗ ಹಿರಿಯ ಮಗ ತಗ್ಗಿದ ಧ್ವನಿಯಲ್ಲಿ, ‘ಇದು ಲೆಕ್ಕದಲ್ಲಿ ಇಲ್ಲದ ಹಣ, ಯಾರೂ ಬಾಯಿ ಬಿಡಬೇಡಿ’ ಎನ್ನುತ್ತಾನೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಈ ಮಾತಿಗೆ ಜಾಣತನವೆಂಬ ಹೆಸರಿದೆ. ಧರ್ಮದ ದೃಷ್ಟಿಯಲ್ಲಿ ಇದು ಜಾಣತನವಲ್ಲ. ಮೃತ ತಂದೆಗೂ ಜೀವಂತ ಸಹೋದರಿಗೂ ಒಂದೇ ಬಾರಿಗೆ ಬಗೆಯುವ ದ್ರೋಹವಿದು.

ಮೊದಲು ಒಂದು ತಪ್ಪು ತಿಳಿವಳಿಕೆ ದೂರವಾಗಲಿ. ವಾರಸು ಹಣವೆಂದು ಹೇಳಿದರೆ ಸರ್ಕಾರ ಅರ್ಧ ಕಿತ್ತುಕೊಳ್ಳುತ್ತದೆ ಎಂಬ ಭಯ ಅನೇಕರಲ್ಲಿದೆ. ಭಾರತದಲ್ಲಿ ಮೃತರ ಆಸ್ತಿಯ ಮೇಲೆ 1953ರ ಕಾಯ್ದೆಯಂತೆ ವಿಧಿಸುತ್ತಿದ್ದ ತೆರಿಗೆ 1985ರಲ್ಲೇ ರದ್ದಾಯಿತು. ವಾರಸಾಗಿ ಅಥವಾ ವಸಿಯ್ಯತ್ ಮೂಲಕ ಬಂದದ್ದು ಪಡೆದವನ ಆದಾಯವೆನಿಸುವುದಿಲ್ಲ. ಹಾಗಾದರೆ ಬಾಕಿ ಇರುವುದು ಯಾವುದು? ತಂದೆ ಬದುಕಿದ್ದಾಗ ಗಳಿಸಿ, ತೆರಿಗೆ ಕೊಡಬೇಕಾಗಿದ್ದೂ ಕೊಡದೆ ಬಿಟ್ಟದ್ದು. 1961ರ ಆದಾಯ ತೆರಿಗೆ ಕಾಯ್ದೆಯ 159ನೇ ಕಲಂ ಅದನ್ನು ತೀರಿಸುವ ಹೊಣೆಯನ್ನು ವಾರಸುದಾರರ ಮೇಲೆ ಇಟ್ಟಿತು. ಆದರೆ ಆ ಹೊಣೆ ಮೃತನು ಬಿಟ್ಟುಹೋದ ಆಸ್ತಿಯ ಮಿತಿಯನ್ನು ದಾಟುವುದಿಲ್ಲ. 2025ರ ಹೊಸ ಕಾಯ್ದೆಯೂ ಇದೇ ತತ್ವವನ್ನು ಉಳಿಸಿಕೊಂಡಿದೆ. ನಮ್ಮ ಫಿಕ್ಹ್ ಹೇಳುವುದೂ ಇದನ್ನೇ: ಮೃತನ ಸಾಲ ಅವನ ಆಸ್ತಿಯಿಂದ ತೀರಬೇಕು. ಆಸ್ತಿ ಸಾಲದಿದ್ದರೆ ಮಕ್ಕಳ ಸ್ವಂತ ದುಡಿಮೆಯ ಮೇಲೆ ಅದರ ಭಾರ ಬೀಳುವುದಿಲ್ಲ.

ಸೂರಃ ಅನ್ನಿಸಾದಲ್ಲಿ ಅಲ್ಲಾಹನು ವಾರಸಿನ ಪಾಲುಗಳನ್ನು ವಿವರಿಸುವಾಗ, ವಸಿಯ್ಯತ್ ಮತ್ತು ಸಾಲ ತೀರಿದ ಬಳಿಕವೇ ಈ ಪಾಲುಗಳು ಎಂಬುದನ್ನು ಮತ್ತೆ ಮತ್ತೆ ನೆನಪಿಸಿದ್ದಾನೆ. ಕೆಲವೇ ದೀನಾರುಗಳ ಸಾಲ ಬಿಟ್ಟು ತೀರಿಕೊಂಡವನೊಬ್ಬನ ಜನಾಝ ನಮಾಝ್‌ಗೆ ಪ್ರವಾದಿ(ಸ)ರು ಮುಂದೆ ನಿಲ್ಲಲಿಲ್ಲ. ಅಬೂ ಕತಾದ(ರ) ಆ ಸಾಲವನ್ನು ತಮ್ಮ ಹೆಗಲಿಗೆ ಹೊತ್ತ ನಂತರವೇ ನಿಂತರು. ಕೆಲವು ದೀನಾರುಗಳ ತೂಕವೇ ಇಷ್ಟಾದರೆ, ವರ್ಷಗಟ್ಟಲೆ ಬಾಕಿ ಉಳಿದ ತೆರಿಗೆಯನ್ನು ತಂದೆಯ ಕತ್ತಿಗೆ ಕಟ್ಟಿ ಖಬರಿಗೆ ಕಳುಹಿಸಿ, ಮೇಲೆ ಕುಳಿತು ಅವರ ಹೆಸರಿನಲ್ಲಿ ಖತಮ್ ಓದಿಸುವ ಮಕ್ಕಳಿಗೆ ಏನೆನ್ನಬೇಕು?

‘ತೆರಿಗೆ ಸಾಲವೇ ಅಲ್ಲ, ಅದು ಸರ್ಕಾರದ ದಬ್ಬಾಳಿಕೆ’ ಎಂದು ಕೆಲವರು ವಾದಿಸುತ್ತಾರೆ. ತೆರಿಗೆಯ ಸ್ವರೂಪದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದೆ, ಇರಲಿ. ಆದರೆ ಮಾಡಿಕೊಂಡ ಕರಾರನ್ನು ಪೂರೈಸಬೇಕೆಂಬ ಕುರ್‌ಆನಿನ ಆಜ್ಞೆಯಲ್ಲಿ ಚರ್ಚೆಗೆ ಎಡೆಯಿಲ್ಲ. ನಾವು ಈ ದೇಶದ ನಾಗರಿಕರು. ನಮ್ಮ ಮಕ್ಕಳಿಗೆ ವಿದ್ಯಾರ್ಥಿವೇತನ ಬೇಕು, ತಾಲ್ಲೂಕು ಆಸ್ಪತ್ರೆಗೆ ವೈದ್ಯರು ಬೇಕು, ಚಿಂಚೋಳಿಯ ತಾಂಡಾಗಳವರೆಗೆ ರಸ್ತೆ ಬೇಕು. 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371(ಜೆ) ವಿಧಿಯ ಹೆಸರಿನಲ್ಲಿ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಪಾಲು ಕೇಳುವವರಲ್ಲಿ ನಾವೂ ಇದ್ದೇವೆ. ಪಾಲು ಕೇಳುವಾಗ ಮುಂದಿನ ಸಾಲಿನಲ್ಲಿ ನಿಂತು, ಪಾಲು ಕೊಡುವಾಗ ಬಾಗಿಲು ಹಾಕಿಕೊಳ್ಳುವುದು ಯಾವ ನ್ಯಾಯ?

‘ನಾವು ಝಕಾತ್ ಕೊಟ್ಟಿದ್ದೇವೆ’ ಎನ್ನುವವರೂ ಇದ್ದಾರೆ. ಝಕಾತಿನ ಎಂಟು ವಿಭಾಗದ ಹಕ್ಕುದಾರರನ್ನು ಅಲ್ಲಾಹನೇ ಹೆಸರಿಸಿದ್ದಾನೆ. ತೆರಿಗೆ ಕೊಟ್ಟರೆ ಝಕಾತ್ ಮಾಫಿಯಾಗುವುದಿಲ್ಲ, ಝಕಾತ್ ಕೊಟ್ಟರೆ ತೆರಿಗೆಯೂ ಮಾಫಿಯಾಗುವುದಿಲ್ಲ. ಇನ್ನು ‘ಒಂದಿಷ್ಟು ಮಸೀದಿಗೆ ಕೊಟ್ಟು ಶುದ್ಧ ಮಾಡೋಣ’ ಎನ್ನುವವರ ಮಾತು ಇದಕ್ಕಿಂತ ಅಪಾಯಕಾರಿ. ಹಂಚಿಕೆಯಾಗದ ಆಸ್ತಿಯಿಂದ ಉಳಿದ ವಾರಸುದಾರರ ಒಪ್ಪಿಗೆಯಿಲ್ಲದೆ ದಾನ ಕೊಡುವ ಅಧಿಕಾರ ಯಾರಿಗೂ ಇಲ್ಲ. ಅಪ್ರಾಪ್ತ ಮಗುವಿನ ಪಾಲನ್ನಂತೂ ಆ ಮಗುವೇ ತಲೆಯಾಡಿಸಿದರೂ ಮುಟ್ಟುವಂತಿಲ್ಲ. ಯತೀಮರ ಹಣ ತಿನ್ನುವವರು ಹೊಟ್ಟೆಯಲ್ಲಿ ಬೆಂಕಿ ತುಂಬಿಕೊಳ್ಳುತ್ತಾರೆ ಎಂಬ ಎಚ್ಚರಿಕೆ ವಾರಸಿನ ಆಯತ್‌ಗಳ ಪಕ್ಕದಲ್ಲೇ ಇದೆ.

ಈಗ ಮುಖ್ಯ ಮಾತಿಗೆ ಬರೋಣ. ತೆರಿಗೆಗೆ ಮುಚ್ಚಿಟ್ಟ ಹಣದಿಂದ ಸರ್ಕಾರಕ್ಕೆ ಆಗುವ ನಷ್ಟ ಸಣ್ಣದು. ದೊಡ್ಡ ನಷ್ಟ ಮನೆಯ ಹೆಣ್ಣುಮಕ್ಕಳದು. ಬ್ಯಾಂಕಿನಲ್ಲಿದ್ದ ಹಣಕ್ಕೆ ಪಾಸ್‌ಬುಕ್ ಸಾಕ್ಷಿ, ಹೊಲಕ್ಕೆ ಪಹಣಿ ಸಾಕ್ಷಿ. ಕಪಾಟಿನ ಹಣಕ್ಕೆ ಅಣ್ಣನ ನಾಲಿಗೆಯೊಂದೇ ಸಾಕ್ಷಿ. ಹತ್ತಿದ್ದರೆ ನಾಲ್ಕು ಎನ್ನುತ್ತಾನೆ. ತಂಗಿ ಪ್ರಶ್ನಿಸಿದರೆ, ‘ವಿಷಯ ಹೊರಗೆ ಹೋದರೆ ಎಲ್ಲರೂ ಸಿಕ್ಕಿಬೀಳುತ್ತೇವೆ’ ಎಂದು ಹೆದರಿಸುತ್ತಾನೆ. ಅವಳು ಜಮಾತಿನ ಮುಂದೆ ಹೋಗಲಾರಳು, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಲಾರಳು. ಕೊನೆಗೆ ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ‘ನನ್ನ ಹಕ್ಕು ಬಿಟ್ಟೆ’ ಎನ್ನುತ್ತಾಳೆ. ಎಷ್ಟಿದೆ ಎಂಬುದೇ ತಿಳಿಯದೆ ಬಿಟ್ಟ ಹಕ್ಕು ಬಿಟ್ಟಂತೆ ಹೇಗಾದೀತು? ಆಸ್ತಿ ಅಲ್ಪವಿರಲಿ ಅಧಿಕವಿರಲಿ, ಗಂಡಿಗೂ ಹೆಣ್ಣಿಗೂ ಅದರಲ್ಲಿ ನಿಶ್ಚಿತ ಪಾಲಿದೆ ಎಂದು ಅಲ್ಲಾಹನು ಹೇಳಿರುವಾಗ, ‘ಲೆಕ್ಕದಲ್ಲಿ ಇಲ್ಲ’ ಎಂಬ ಎರಡು ಪದಗಳಿಂದ ಆ ಆಯತ್ತನ್ನು ಅಳಿಸಲು ನಾವು ಯಾರು?

ಬಚ್ಚಿಟ್ಟ ಹಣ ಭದ್ರವೆಂಬುದೂ ಭ್ರಮೆ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದಾಗ, ಡಬ್ಬಿಗಳಲ್ಲಿ ಕೂಡಿಟ್ಟ ಹಣಕ್ಕೆ ಡಿಸೆಂಬರ್ 30ರವರೆಗಷ್ಟೇ ಬ್ಯಾಂಕಿನ ಬಾಗಿಲು ತೆರೆದಿತ್ತು. ಅದೇ ಡಿಸೆಂಬರ್‌ನಲ್ಲಿ ಬಂದ ತಿದ್ದುಪಡಿ, ಮೂಲ ತೋರಿಸಲಾಗದ ಹಣದ ಮೇಲಿನ ತೆರಿಗೆಯನ್ನು ಶೇ. 60ಕ್ಕೆ ಏರಿಸಿ ಅದರ ಮೇಲೆ ಸರ್‌ಚಾರ್ಜನ್ನೂ ಹೇರಿತು.

ವಾಸ್ತವವಾಗಿ ನಮ್ಮ ಭಾಗದ ಕಪಾಟುಗಳಲ್ಲಿರುವ ಹಣವೆಲ್ಲ ಕಳಂಕಿತವೂ ಅಲ್ಲ. ಸ್ವಂತ ಹೊಲದಲ್ಲಿ ಬೆಳೆದ ತೊಗರಿಯ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಪಟ್ಟಣದ ಮಿತಿಯಿಂದ ಕಾನೂನು ಹೇಳುವಷ್ಟು ದೂರವಿರುವ ಕೃಷಿಭೂಮಿ ಮಾರಿ ಬಂದ ಹಣಕ್ಕೂ ಬಂಡವಾಳ ಲಾಭದ ತೆರಿಗೆ ತಗಲುವುದಿಲ್ಲ. ಆದರೆ ತೊಗರಿ ವ್ಯಾಪಾರದ ಲಾಭ, ಫರಸಿ ಕಲ್ಲಿನ ಗಣಿಯ ಗಳಿಕೆ, ಸಿಮೆಂಟ್ ಸಾಗಿಸಿದ ಲಾರಿಯ ಬಾಡಿಗೆ ಬೇರೆ ಮಾತು. ಅವಕ್ಕೆ ತೆರಿಗೆ ಉಂಟು. ಹಲಾಲಾಗಿ ಬಂದು, ತೆರಿಗೆಯೂ ಇಲ್ಲದ ಹಣ ಕೂಡ ಅಡತ್ ಅಂಗಡಿಯ ಪಟ್ಟಿ ಎಸೆದ ಕಾರಣದಿಂದ ಸಂಶಯದ ಹಣವಾಗುತ್ತಿರುವುದು ನಮ್ಮದೇ ಸೋಮಾರಿತನದ ಫಲ.

ಹಾಗಾದರೆ ಮಾಡಬೇಕಾದದ್ದೇನು? ಕಪಾಟು ತೆರೆಯುವಾಗ ತಾಯಿ ಮತ್ತು ಹೆಣ್ಣುಮಕ್ಕಳು ಎದುರಿಗಿರಲಿ. ಸಿಕ್ಕಿದ್ದನ್ನೆಲ್ಲ ಬರೆದು, ಇಬ್ಬರು ಸಾಕ್ಷಿಗಳೊಂದಿಗೆ ಎಲ್ಲರೂ ಸಹಿ ಹಾಕಲಿ. ಪಹಣಿ, ಅಡತ್ ಪಟ್ಟಿ, ಮಾರಾಟ ಪತ್ರಗಳನ್ನು ಕೂಡಿಸಿ ತೆರಿಗೆ ಸಲಹೆಗಾರರ ಬಳಿ ಹೋಗಲಿ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ವಾರಸುದಾರನೆಂದು ನೋಂದಾಯಿಸಿಕೊಂಡು ಮೃತರ ರಿಟರ್ನ್ ಸಲ್ಲಿಸಬಹುದು. ಹಳೆಯ ಲೋಪ ಸರಿಪಡಿಸಲು ಹೆಚ್ಚುವರಿ ತೆರಿಗೆಯೊಂದಿಗೆ ಪರಿಷ್ಕೃತ ರಿಟರ್ನ್ ಸಲ್ಲಿಸುವ ಅವಕಾಶ 2022ರಲ್ಲಿ ಬಂತು. 2025ರಲ್ಲಿ ಅದರ ಅವಧಿ ನಾಲ್ಕು ವರ್ಷಗಳಿಗೆ ವಿಸ್ತರಿಸಿತು.

ಒಂದು ಲೆಕ್ಕ ನೋಡಿ. ಮೃತನ ಬಳಿ 30 ಲಕ್ಷವಿತ್ತೆನ್ನೋಣ. ಪತ್ನಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು ಇದ್ದಾರೆ, ಮೃತನ ತಂದೆ ತಾಯಿ ಇಲ್ಲ. ದಫನಿನ ಖರ್ಚು, ತೆರಿಗೆ, ಕೈಸಾಲ ಮತ್ತು ಪತ್ನಿಗೆ ಕೊಡದೆ ಉಳಿದ ಮಹರ್ (ಅದೂ ಸಾಲವೇ) ಸೇರಿ 6 ಲಕ್ಷ ಹೋಯಿತು. ವಸಿಯ್ಯತ್ ಇಲ್ಲ. ಉಳಿದ 24 ಲಕ್ಷದಲ್ಲಿ ಪತ್ನಿಗೆ ಎಂಟನೇ ಒಂದು ಭಾಗ, ಅಂದರೆ 3 ಲಕ್ಷ. ಮಿಕ್ಕ 21 ಲಕ್ಷದಲ್ಲಿ ಪ್ರತಿ ಮಗನಿಗೆ 6, ಪ್ರತಿ ಮಗಳಿಗೆ 3 ಲಕ್ಷ. ಒಂದು ಹಾಳೆಯಲ್ಲಿ ಮುಗಿಯುವ ಲೆಕ್ಕವಿದು. ಇದನ್ನು ಕತ್ತಲಲ್ಲಿ ಮಾಡುವ ಅಗತ್ಯ ಕಳ್ಳನಿಗೆ ಮಾತ್ರ.

ಐದೂ ಊರುಗಳ ಜಮಾತ್ ಹಿರಿಯರೂ ಖತೀಬರೂ ಇದನ್ನು ಜುಮುಅ ಖುತ್ಬಾದಲ್ಲಿ ಬಿಡಿಸಿ ಹೇಳಲಿ. ವರದಕ್ಷಿಣೆಯ ವಿರುದ್ಧ ಮಾತನಾಡುವ ನಾವು, ವಾರಸಿನಲ್ಲಿ ಹೆಣ್ಣಿನ ಪಾಲು ನುಂಗುವವನನ್ನು ಮೊದಲ ಸಫ್‌ನಲ್ಲಿ ಗೌರವದಿಂದ ನಿಲ್ಲಿಸುವುದನ್ನು ಬಿಡಬೇಕು. ಅಧಿಕಾರಿಯ ಕಣ್ಣು ತಪ್ಪಿಸಬಹುದು, ತಂಗಿಯ ಬಾಯಿ ಮುಚ್ಚಿಸಬಹುದು. ಆದರೆ ಸಾಸಿವೆ ಕಾಳಿನಷ್ಟನ್ನೂ ತೂಗುವ ದಿನ ಯಾರ ಕಣ್ಣು ತಪ್ಪಿಸುವಿರಿ?

ಮೃತರ ಸಾಲ ತೀರಿಸುವ, ಹಕ್ಕುದಾರರಿಗೆ ಹಕ್ಕು ಮುಟ್ಟಿಸುವ ಧೈರ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.