ಎಂಜಿನ್ ಆಯಿಲ್: ಕಿಲೋಮೀಟರ್ ಲೆಕ್ಕ ಯಾರದ್ದು?

ಕಾರಿನ ಎಂಜಿನ್ ಆಯಿಲನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು ಎಂಬುದು ಸಂಪಾದಕೀಯ ಪುಟಕ್ಕೆ ತಕ್ಕ ವಿಷಯವೇ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ಲಕ್ಷಾಂತರ ಮಧ್ಯಮ ವರ್ಗದ ಕುಟುಂಬಗಳು ಪ್ರತಿ ವರ್ಷ ಹಣ ತೆರುವ ಈ ವ್ಯವಹಾರದಲ್ಲಿ ಸಲಹೆ ಕೊಡುವವನೂ ಸರಕು ಮಾರುವವನೂ ಒಬ್ಬನೇ. ಸರ್ಕಾರಿ ಸೇವೆಯಲ್ಲಿದ್ದಾಗ ಇಂಥ ಏರ್ಪಾಡು ಕಂಡರೆ ನಾವು ಕಡತದ ಮೇಲೆ ಪ್ರಶ್ನೆ ಬರೆಯುತ್ತಿದ್ದೆವು.

ನನ್ನ ಪೆಟ್ರೋಲ್ ಕಾರಿನ ಕೈಪಿಡಿಯಲ್ಲಿ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂದಿದೆ. ಸರ್ವೀಸ್ ಕೇಂದ್ರವೊಂದರ ಸಲಹೆಗಾರರು ಮಾತ್ರ 5,000 ಕಿ.ಮೀ.ಗೇ ಬದಲಿಸಲೇಬೇಕೆಂದು ಪಟ್ಟು ಹಿಡಿದರು. ಡಿಪ್‌ಸ್ಟಿಕ್ ಎಳೆದು, ಬಿಳಿ ಬಟ್ಟೆಗೆ ಒರೆಸಿ, 'ನೋಡಿ ಸಾರ್, ಎಷ್ಟು ಕಪ್ಪಾಗಿದೆ' ಎಂದರು. ಈ ಪ್ರದರ್ಶನಕ್ಕೆ ಮಣಿಯದವರು ವಿರಳ. ಆದರೆ ಬಣ್ಣ ಕಪ್ಪಾದ ಮಾತ್ರಕ್ಕೆ ಆಯಿಲ್ ಕೆಟ್ಟಿದೆ ಎಂದು ಅರ್ಥವಲ್ಲ. ಮಸಿಯನ್ನು ಎಂಜಿನ್‌ನ ಗೋಡೆಗೆ ಅಂಟಗೊಡದೆ ತನ್ನಲ್ಲೇ ತೇಲಿಸಿಟ್ಟುಕೊಳ್ಳುವ ರಾಸಾಯನಿಕಗಳನ್ನು ಆಯಿಲ್‌ಗೆ ಬೆರೆಸಿರುತ್ತಾರೆ; ಕಪ್ಪಾಗುವುದೆಂದರೆ ಅವು ಕೆಲಸ ಮಾಡುತ್ತಿವೆ ಎಂದೇ. ಡೀಸೆಲ್ ಕಾರುಗಳಲ್ಲಂತೂ ಹೊಸ ಆಯಿಲ್ ಕೆಲವೇ ನೂರು ಕಿಲೋಮೀಟರ್‌ಗಳಲ್ಲಿ ಕಾಡಿಗೆಯಂತಾಗುತ್ತದೆ. ಆಯಿಲ್‌ನ ನಿಜಸ್ಥಿತಿ ತಿಳಿಯಬೇಕಾದರೆ ಅದರ ಸ್ನಿಗ್ಧತೆ, ಆಮ್ಲವನ್ನು ತಣಿಸಲು ಉಳಿದಿರುವ ಶಕ್ತಿ, ಸೇರಿಕೊಂಡ ಲೋಹದ ಕಣಗಳು ಇವನ್ನೆಲ್ಲ ಪ್ರಯೋಗಾಲಯದಲ್ಲಿ ಅಳೆಯಬೇಕು. ರೈಲ್ವೆಯ ಡೀಸೆಲ್ ಲೋಕೋ ಶೆಡ್‌ಗಳಲ್ಲಿ ಇಂಥ ಪರೀಕ್ಷೆ ನಡೆಯುತ್ತದೆ. ಮೂರು ನಾಲ್ಕು ಲೀಟರ್ ಆಯಿಲ್ ಹಿಡಿಯುವ ಕಾರಿಗೆ ಅದು ಕಟ್ಟುಬಡಿಯದ ಖರ್ಚು.

ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ ಎಂಬ ಅರ್ಥಶಾಸ್ತ್ರಜ್ಞರು 1973ರ ಪ್ರಬಂಧವೊಂದರಲ್ಲಿ ಇಂಥ ಸೇವೆಗಳನ್ನು ಪ್ರತ್ಯೇಕ ವರ್ಗವಾಗಿಯೇ ಗುರುತಿಸಿದ್ದರು. ಕೊಂಡು ಬಳಸಿದ ಮೇಲೂ ಅದು ಬೇಕಿತ್ತೋ ಇಲ್ಲವೋ ಎಂದು ಗ್ರಾಹಕನಿಗೆ ತಿಳಿಯದ ಸರಕು. ನಂಬಿಕೆಯೇ ಅದರ ಬಂಡವಾಳ. ದುರಸ್ತಿ ಕೆಲಸವೇ ಅವರು ಚರ್ಚಿಸಿದ ಮುಖ್ಯ ಉದಾಹರಣೆ. ಆಯಿಲ್ ಬದಲಿಸಿದ ಮೇಲೆ ಕಾರು ಮೊದಲಿನಂತೆಯೇ ಓಡುತ್ತದೆ, ಬದಲಿಸದಿದ್ದರೂ ಕೆಲ ತಿಂಗಳು ಹಾಗೆಯೇ ಓಡುತ್ತದೆ. ದೂರುವುದಾದರೂ ಏನೆಂದು?

ಹಾಗೆಂದು 5,000 ಕಿ.ಮೀ. ಎಂಬುದು ಶುದ್ಧ ವಂಚನೆ ಎಂದು ತೀರ್ಮಾನಿಸುವುದೂ ಅವಸರವಾದೀತು. ಕೈಪಿಡಿಯ ಪುಟಗಳನ್ನು ಇನ್ನಷ್ಟು ಮಗುಚಿದರೆ 'ಕಠಿಣ ಬಳಕೆ' ಎಂಬ ಇನ್ನೊಂದು ಪಟ್ಟಿ ಸಿಗುತ್ತದೆ. ದೂಳಿನ ರಸ್ತೆ, ಪದೇ ಪದೇ ನಿಂತು ಹೊರಡುವ ಸಂಚಾರ, ಎಂಜಿನ್ ಬಿಸಿಯೇರುವ ಮೊದಲೇ ಮುಗಿಯುವ ಚಿಕ್ಕ ಓಡಾಟ ಇವಿದ್ದರೆ ಅವಧಿಯನ್ನು ತಗ್ಗಿಸಿ, ಎಷ್ಟೋ ಕಾರುಗಳಲ್ಲಿ ಅರ್ಧಕ್ಕೇ ಇಳಿಸಿ ಎಂದು ತಯಾರಕರೇ ಹೇಳಿರುತ್ತಾರೆ. ಸಿಲ್ಕ್ ಬೋರ್ಡ್ ದಾಟಿ ಕಚೇರಿ ಸೇರುವವರಿಗೆ ಇದು ಕಠಿಣ ಬಳಕೆಯಲ್ಲದೆ ಮತ್ತೇನು?

ತೊಡಕಿರುವುದು ಕಿಲೋಮೀಟರ್ ಎಂಬ ಅಳತೆಗೋಲಿನಲ್ಲೇ. ಗಂಟೆಗೆ ಸರಾಸರಿ 20 ಕಿ.ಮೀ. ವೇಗದಲ್ಲಿ ನಗರದೊಳಗೆ 10,000 ಕಿ.ಮೀ. ಓಡಿದ ಎಂಜಿನ್ 500 ಗಂಟೆ ದುಡಿದಿರುತ್ತದೆ. ಅಷ್ಟೇ ದೂರವನ್ನು ಹೆದ್ದಾರಿಯಲ್ಲಿ ಸರಾಸರಿ 60 ಕಿ.ಮೀ. ವೇಗದಲ್ಲಿ ಕ್ರಮಿಸಿದ ಎಂಜಿನ್ ದುಡಿದದ್ದು 167 ಗಂಟೆ ಮಾತ್ರ. ಓಡೋಮೀಟರ್‌ಗೆ ಎರಡೂ ಒಂದೇ, ಆಯಿಲ್‌ಗೆ ಅಲ್ಲ. ನಮ್ಮ ರೈತರಿಗೆ ಇದು ಹೊಸ ವಿಷಯವೇನಲ್ಲ. ಟ್ರ್ಯಾಕ್ಟರ್‌ನಲ್ಲಿ ಗಂಟೆ ತೋರಿಸುವ ಮೀಟರ್ ಇರುತ್ತದೆ, ಆಯಿಲ್ ಬದಲಿಸುವುದೂ ಅದನ್ನು ನೋಡಿಯೇ. ಹಳ್ಳಿಯಲ್ಲಿ ಸಹಜವಾಗಿರುವ ಈ ವಿವೇಕ ಹತ್ತಾರು ಲಕ್ಷ ರೂಪಾಯಿಯ ಕಾರಿನೊಳಗೆ ಬಂದಿಲ್ಲ ಎನ್ನುವಂತೆಯೂ ಇಲ್ಲ. ಎಂಜಿನ್ ಎಷ್ಟು ಸುತ್ತು ತಿರುಗಿತು, ಎಷ್ಟು ಬಿಸಿಯಾಯಿತು ಎಂದು ಲೆಕ್ಕಹಾಕಿ ಆಯಿಲ್‌ನ ಉಳಿದ ಆಯುಷ್ಯವನ್ನು ಹೇಳುವ ವ್ಯವಸ್ಥೆಯನ್ನು ಅಮೆರಿಕದ ಜನರಲ್ ಮೋಟಾರ್ಸ್ 1980ರ ದಶಕದ ಕೊನೆಯಲ್ಲೇ ತನ್ನ ಕಾರುಗಳಿಗೆ ಅಳವಡಿಸಿತ್ತು. ಇಂದಿನ ಕಾರುಗಳ ಕಂಪ್ಯೂಟರ್‌ಗೆ ಈ ಮಾಹಿತಿಯೆಲ್ಲ ಗೊತ್ತು. ಮಾಲೀಕನಿಗೆ ತೋರಿಸುವ ಔದಾರ್ಯ ಮಾತ್ರ ಎಲ್ಲ ಕಂಪನಿಗಳಿಗೂ ಇಲ್ಲ.

ನನ್ನಂಥ ನಿವೃತ್ತರದು ಬೇರೆಯೇ ಲೆಕ್ಕ. ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ದಾಟದ ಕಾರಿಗೆ ದೂರದ ಅಳತೆ ಅನ್ವಯಿಸುವುದೇ ಇಲ್ಲ. ಸೊಪ್ಪು ತರಕಾರಿಗೆಂದು ಎರಡು ಕಿ.ಮೀ. ಹೋಗಿಬಂದರೆ ಎಂಜಿನ್ ಸರಿಯಾಗಿ ಬಿಸಿಯಾಗದೆ, ನೀರಿನ ಅಂಶವೂ ಸುಡದ ಪೆಟ್ರೋಲೂ ಆಯಿಲ್‌ನಲ್ಲೇ ಉಳಿಯುತ್ತವೆ. ಇಲ್ಲಿ ಕ್ಯಾಲೆಂಡರ್ ನೋಡಬೇಕು. 'ಕಾರು ಮನೆಯಲ್ಲೇ ನಿಂತಿದೆಯಲ್ಲ' ಎಂದು ಎರಡು ಮೂರು ವರ್ಷ ದೂಡುವ ಮಿತ್ರರಿದ್ದಾರೆ. ಅವರ ಮಿತವ್ಯಯ ಎಂಜಿನ್‌ಗೆ ಹಿತವಲ್ಲ.

ಸರ್ವೀಸ್ ಕೇಂದ್ರದ ಮಾತಿಗೆ ಎದುರಾಡದಂತೆ ಮಾಡುವ ಮತ್ತೊಂದು ಅಸ್ತ್ರ ವಾರಂಟಿ. ಹೊರಗೆ ಆಯಿಲ್ ಹಾಕಿಸಿದರೆ ವಾರಂಟಿ ಹೋಗುತ್ತದೆ ಎಂಬ ಭಯ ನಮ್ಮಲ್ಲಿ ಬೇರೂರಿದೆ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿದಾಗ, ಸ್ವತಂತ್ರ ಗ್ಯಾರೇಜಿಗೆ ಹೋದ ಒಂದೇ ಕಾರಣಕ್ಕೆ ವಾರಂಟಿ ರದ್ದಾಗುತ್ತದೆ ಎಂಬ ಸಾರಾಸಗಟು ಷರತ್ತು ಕೂಡದು ಎಂದೂ ಆದೇಶಿಸಿತ್ತು. ಕಂಪನಿಗಳು ಆದೇಶವನ್ನು ಪ್ರಶ್ನಿಸಿದವು, ವ್ಯಾಜ್ಯ ಎಳೆದಾಡಿತು. ಗ್ರಾಹಕನ ಭಯ ಇದ್ದಲ್ಲೇ ಇದೆ. ಕೈಪಿಡಿ ಸೂಚಿಸಿದ ದರ್ಜೆಯ ಆಯಿಲನ್ನೇ, ಅದು ಹೇಳಿದ ಅವಧಿಯೊಳಗೆ ಹಾಕಿಸಿ ರಸೀದಿ ಇಟ್ಟುಕೊಂಡವನು ಇಷ್ಟು ಅಂಜಬೇಕಾದ ಪ್ರಮೇಯವಿರಬಾರದು.

ಬೇಗ ಬದಲಿಸಿದರೆ ನಷ್ಟವೇನು, ಎಂಜಿನ್‌ಗೆ ಒಳ್ಳೆಯದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಎಂಜಿನ್‌ಗೆ ಹಾನಿಯಿಲ್ಲ, ನಿಜ. ಆದರೆ ಬಳಸಿದ ಆಯಿಲ್ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಗ್ಯಾರೇಜಿನ ಡಬ್ಬದಿಂದ ಅದು ಎಲ್ಲಿಗೆ ಹೋಗುತ್ತದೆ? ಒಂದಿಷ್ಟು ಸೆಂಟ್ರಿಂಗ್ ಹಲಗೆಗೆ ಸವರಲು, ಒಂದಿಷ್ಟು ಕುಲುಮೆಗೆ, ಒಂದಿಷ್ಟು ನೇರ ಚರಂಡಿಗೆ. ಆಯಿಲ್ ತಯಾರಕರೂ ಆಮದುದಾರರೂ ಬಳಸಿದ ಆಯಿಲ್‌ನ ಮರುಬಳಕೆಗೆ ಹೊಣೆಯಾಗಬೇಕೆಂಬ ನಿಯಮ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದು ಬೀದಿಬದಿಯ ಗ್ಯಾರೇಜಿನವರೆಗೆ ಇಳಿಯಬೇಕಾದರೆ ಸರ್ವೀಸ್ ಬಿಲ್ಲಿನಲ್ಲಿ ಎರಡು ಸಾಲು ಕಡ್ಡಾಯವಾಗಲಿ: ಈ ಕಾರಿಗೆ ತಯಾರಕರು ಗೊತ್ತುಪಡಿಸಿದ ಅವಧಿ ಇಷ್ಟು, ಹೊರತೆಗೆದ ಆಯಿಲ್ ಇಷ್ಟು ಲೀಟರ್, ಒಯ್ದವರು ಇಂಥವರು. ಬಿಲ್ ಕನ್ನಡದಲ್ಲೂ ಇರಲಿ.