ಹೊಡೆತದ ಸಾಕ್ಷ್ಯ

“ಕಳ್ಳನಿಗೆ ನಾಲ್ಕು ಬಿಗಿದರೆ ತಪ್ಪೇನು?” ಪುಂಜಾಲಕಟ್ಟೆಯ ಪೇಟೆಯಲ್ಲಿ ಈ ಮಾತನ್ನು ನಾವು ಹಲವು ಸಲ ಕೇಳಿದ್ದೇವೆ. ಆಡುವವರು ದುಷ್ಟರಲ್ಲ, ಓದುಬರಹ ಬಲ್ಲ ಸಂಭಾವಿತರು. ಆದರೆ ಆತನು ಕಳ್ಳನೆಂದು ತೀರ್ಮಾನಿಸಿದವರಾರು? ನ್ಯಾಯಾಧೀಶನ ಮುಖವನ್ನೇ ಕಾಣದವನಿಗೆ ಶಿಕ್ಷೆ ವಿಧಿಸುವ ಅಧಿಕಾರವು ಲಾಠಿಗೆ ಎಲ್ಲಿಂದ ಬಂದಿತು?

ಹೊಡೆತದಿಂದ ಸತ್ಯವು ಹೊರಬೀಳದೆಂಬುದು ಹೊಸ ಶೋಧವಲ್ಲ. ನಮ್ಮ ಜಿಲ್ಲೆಯು ಮದ್ರಾಸು ಇಲಾಖೆಗೆ ಸೇರಿದ್ದಾಗ, 1855ರಲ್ಲಿ, ಕಂದಾಯಕ್ಕಾಗಿಯೂ ತಪ್ಪೊಪ್ಪಿಗೆಗಾಗಿಯೂ ಪ್ರಜೆಗಳನ್ನು ಹಿಂಸಿಸುತ್ತಿದ್ದುದನ್ನು ಸರಕಾರವೇ ನೇಮಿಸಿದ ವಿಚಾರಣಾ ಮಂಡಲಿಯು ಒಪ್ಪಿಕೊಂಡಿತು. ಬೆರಳುಗಳನ್ನು ಅದುಮುವ ‘ಕಿಟ್ಟಿ’ಯ ಹೆಸರು ಆ ವರದಿಯಲ್ಲಿದೆ. ಪೋಲೀಸರೆದುರಿನ ತಪ್ಪೊಪ್ಪಿಗೆಯನ್ನು ಆಪಾದಿತನ ವಿರುದ್ಧ ರುಜುಪಡಿಸಕೂಡದೆಂದು 1872ರ ಸಾಕ್ಷ್ಯ ಕಾನೂನು ವಿಧಿಸಿತು. 2023ರ ಹೊಸ ಕಾನೂನೂ ಅದನ್ನು ಉಳಿಸಿಕೊಂಡಿದೆ. ಪರಕೀಯರ ಸರಕಾರವೇ ತನ್ನ ಪೋಲೀಸರನ್ನು ನಂಬಲಿಲ್ಲ! ಸ್ವರಾಜ್ಯದ ಸರಕಾರವಾದರೋ 1987ರ ಟಾಡಾ ಕಾನೂನಿನಲ್ಲಿ ಆ ಕಟ್ಟನ್ನು ಸಡಿಲಿಸಿ, ಪೋಲೀಸು ಸುಪರಿಂಟೆಂಡೆಂಟರು ಬರೆದುಕೊಂಡ ತಪ್ಪೊಪ್ಪಿಗೆಗೂ ಮಾನ್ಯತೆ ಕೊಟ್ಟಿತು.

ವೀರಪ್ಪನ್‌ನ ಬೇಟೆಯ ಆ ವರ್ಷಗಳಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಣ ಬಡವರು ಟಾಡಾ ಮೊಕದ್ದಮೆಗಳಲ್ಲಿ ಸಿಲುಕಿ ವರ್ಷಗಟ್ಟಲೆ ಮೈಸೂರಿನ ಜೈಲಿನಲ್ಲಿ ಕೊಳೆತರು. ತಮ್ಮನ್ನು ತೂಗುಹಾಕಿ ಬಡಿದರೆಂದೂ, ಮೈಗೆ ವಿದ್ಯುತ್ತು ಹಾಯಿಸಿದರೆಂದೂ ಅವರು ದೂರಿದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನ್ಯಾಯಮೂರ್ತಿ ಎ. ಜೆ. ಸದಾಶಿವರ ಮಂಡಲಿಯನ್ನು ನೇಮಿಸಿತು. 2007ರಲ್ಲಿ 89 ಜನರಿಗೆ 2.80 ಕೋಟಿ ರೂಪಾಯಿ ಪರಿಹಾರವನ್ನು ಸೂಚಿಸಿತು. ಹಣವು ಬೊಕ್ಕಸದ್ದು, ಅಂದರೆ ನಮ್ಮ ನಿಮ್ಮ ತೆರಿಗೆಯದು, ಹೊಡೆದ ಕೈಯದಲ್ಲ. ಕೊಳ್ಳೇಗಾಲದ ಆ ಸೀಮೆಯೂ ನಮ್ಮಂತೆಯೇ 1956ರಲ್ಲಿ ಮದ್ರಾಸಿನಿಂದ ಬಿಡುಗಡೆ ಹೊಂದಿ ಕನ್ನಡನಾಡಿಗೆ ಸೇರಿದ್ದು. ಏಕೀಕರಣಕ್ಕೆ ಜಯಕಾರ ಹಾಕುವ ನಾವು ಅಲ್ಲಿಯ ಸೋಲಿಗನ ನೋವನ್ನು ನಮ್ಮದೆಂದು ಎಣಿಸಿದೆವೇ?

ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತವು 1997ರಲ್ಲಿ ರುಜು ಹಾಕಿತು. ಅದನ್ನು ಇಂದಿಗೂ ಸ್ಥಿರೀಕರಿಸಿಲ್ಲ. ಚಿತ್ರಹಿಂಸೆಯನ್ನೇ ಪ್ರತ್ಯೇಕ ಅಪರಾಧವನ್ನಾಗಿಸುವ ಮಸೂದೆಯು 2010ರಲ್ಲಿ ಲೋಕಸಭೆಯಲ್ಲಿ ಅಂಗೀಕಾರವಾಯಿತಾದರೂ ರಾಜ್ಯಸಭೆಯನ್ನು ದಾಟಲಿಲ್ಲ. ದಿಲ್ಲಿಯವರನ್ನು ಇದಕ್ಕಾಗಿ ನಾವು ಕೇಳಲೇಬೇಕು.

ಆದರೆ ದಿಲ್ಲಿಗೆ ಹೋಗದೆಯೇ ಮಾಡಬಹುದಾದುದೂ ಒಂದಿದೆ. ಡಿ. ಕೆ. ಬಸು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ಆಜ್ಞಾಪಿಸಿದಂತೆ, ಬಂಧನದ ಪತ್ರಕ್ಕೆ ಮನೆಯವರೊಬ್ಬರು ಇಲ್ಲವೆ ಊರಿನ ಗೌರವಸ್ಥರೊಬ್ಬರು ಸಾಕ್ಷಿ ಹಾಕಬೇಕು. ಆ ಗೌರವಸ್ಥರೆಂದರೆ ಇನ್ನಾರು? ನಮ್ಮ ವಾಚಕರೇ, ನಮ್ಮ ಮಾಸ್ತರರೇ! ನೆರೆಮನೆಯವನನ್ನು ಹಿಡಿದೊಯ್ದಾಗ ಅವರು ಬಾಗಿಲು ಮುಚ್ಚಿಕೊಳ್ಳದಿರಲಿ. ಸಾಕ್ಷಿಗೆ ಕರೆದರೆ ಹೋಗಲಿ. ಪತ್ರದಲ್ಲಿ ದಿನಾಂಕವೂ ವೇಳೆಯೂ ಸರಿಯಾಗಿವೆಯೇ ಎಂದು ಓದಲಿ. ಬಂಧಿಯ ಮೈಮೇಲೆ ಗಾಯವಿದ್ದರೆ ಅದನ್ನು ಬರೆಯಿಸೆಂದು ಅವನಿಗೆ ತಿಳಿಹೇಳಲಿ. ಆಮೇಲೆ ರುಜು ಹಾಕಲಿ.